ಸೀಮೆಯಿಂದ ಬರುವ ಎಣ್ಣೆ, ನಮ್ಮೂರ ಬಂಕಿನ ಬೆಲೆ

ಓದುಗರ ಪ್ರಶ್ನೆ – ಉತ್ತರ

ಎರಡು ತಿಂಗಳಿಂದ ಈ ಅಂಕಣಕ್ಕೆ ಬರುತ್ತಿರುವ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪೆಟ್ರೋಲ್, ಡೀಸೆಲ್, ಗ್ಯಾಸಿನ ಬಗ್ಗೆಯೇ. ಹಾಗಾಗಿ ಈ ಸಲದ ಪೂರ್ತಿ ಜಾಗ ಅದಕ್ಕೇ ಕೊಟ್ಟಿದ್ದೇನೆ. ಹೊಸದಾಗಿ ಓದುವವರಿಗೆ ನನ್ನ ಪರಿಚಯ ಇಷ್ಟು: ಕರಾವಳಿಯ ರಿಫೈನರಿಯಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತನಾದವನು. ಹಡಗಿನಿಂದ ಬಂದ ಕಚ್ಚಾ ಎಣ್ಣೆಯನ್ನು ಟ್ಯಾಂಕಿಗೆ ತುಂಬಿಸಿ, ಅಳತೆ ನೋಡಿ, ಒಳಗೆ ಕಳಿಸುವ ವಿಭಾಗ ನನ್ನದು. ಬೆಲೆ ನಿಗದಿ ಮಾಡುವ ಮೇಜಿನ ಹತ್ತಿರ ನಾನು ಕೂತಿಲ್ಲ. ಆದರೆ ಎಣ್ಣೆ ಎಲ್ಲಿಂದ ಬರುತ್ತೆ, ಬರೋದು ತಡವಾದರೆ ಏನಾಗುತ್ತೆ ಅನ್ನೋದನ್ನು ರಾತ್ರಿ ಪಾಳಿಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ: ನಂದು ಒಂದು ಗೂಡ್ಸ್ ಗಾಡಿ ಇದೆ, ಡೀಸೆಲ್ಲಿಂದು. 2020ರಲ್ಲಿ ಕಚ್ಚಾ ಎಣ್ಣೆ ಬೆಲೆ ಸೊನ್ನೆಗಿಂತ ಕೆಳಗೆ ಹೋಯ್ತು ಅಂತ ಟಿವಿಯಲ್ಲಿ ನೋಡಿದ್ದೆ. ಆಗಲೂ ನಮ್ಮ ಬಂಕಿನಲ್ಲಿ ರೇಟು ಇಳಿಯಲಿಲ್ಲ. ಏರಿದರೆ ಮಾತ್ರ ನಮ್ಮ ತಲೆ ಮೇಲೆ, ಇಳಿದರೆ ಯಾರ ಜೇಬಿಗೆ?
– ಗೂಡ್ಸ್ ಗಾಡಿ ಮಾಲೀಕರು, ರಾಣೆಬೆನ್ನೂರು

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮೊದಲು ಆ ಟಿವಿ ಸುದ್ದಿ ನೋಡೋಣ. 2020ರ ಏಪ್ರಿಲ್ 20ರಂದು ಪೀಪಾಯಿಗೆ ಮೈನಸ್ 37 ಡಾಲರ್‌ಗೂ ಕೆಳಗೆ ಹೋಗಿದ್ದು ಅಮೆರಿಕದ ಎಣ್ಣೆ. ಅದೂ ಮೇ ತಿಂಗಳಲ್ಲಿ ಎತ್ತಬೇಕಿದ್ದ ಮಾಲು. ಲಾಕ್‌ಡೌನ್ ಆಗಿ ಯಾರೂ ಎಣ್ಣೆ ಸುಡುತ್ತಿರಲಿಲ್ಲ. ಅಲ್ಲಿನ ಟ್ಯಾಂಕುಗಳಲ್ಲಿ ಜಾಗ ಇರಲಿಲ್ಲ. ಮಾಲು ಹಿಡಿದಿದ್ದವರು ತಾವೇ ದುಡ್ಡು ಕೊಟ್ಟು ಅದನ್ನು ಸಾಗಹಾಕಿದರು. ನಾವು ಕೊಳ್ಳುವ ಎಣ್ಣೆ ಅಷ್ಟು ಬೀಳಲಿಲ್ಲ, ಆದರೂ ಆ ತಿಂಗಳು 20 ಡಾಲರ್ ಆಸುಪಾಸಿಗೆ ಬಂದಿತ್ತು.

ಆ ಇಳಿಕೆ ನಿಮ್ಮವರೆಗೆ ಯಾಕೆ ಬರಲಿಲ್ಲ? ಆ ವರ್ಷ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನು ಲೀಟರಿಗೆ 3 ರೂಪಾಯಿ ಏರಿಸಿತು. ಮೇ ತಿಂಗಳಲ್ಲಿ ಪೆಟ್ರೋಲಿಗೆ ಮತ್ತೆ 10, ಡೀಸೆಲಿಗೆ 13 ರೂಪಾಯಿ ಏರಿಸಿತು. ಇಳಿದ ದುಡ್ಡೆಲ್ಲ ಅಲ್ಲಿಗೆ ಹೋಯಿತು. 2021ರ ನವೆಂಬರ್ ಮತ್ತು 2022ರ ಮೇ, ಹೀಗೆ ಎರಡು ಕಂತಿನಲ್ಲಿ ಅಷ್ಟೇ ಮೊತ್ತವನ್ನು ಇಳಿಸಿದರು. ಆದರೆ ಅಷ್ಟು ಹೊತ್ತಿಗೆ ಉಕ್ರೇನ್ ಯುದ್ಧ ಶುರುವಾಗಿ ಕಚ್ಚಾ ಎಣ್ಣೆ 100 ಡಾಲರ್ ದಾಟಿತ್ತು. ನಿಮಗೆ ಅಗ್ಗದ ಡೀಸೆಲ್ ಸಿಗಬೇಕಿದ್ದ ಕಾಲ ಕಳೆದೇ ಹೋಗಿತ್ತು.

ಈಗ ನಿಮ್ಮ ಡೀಸೆಲ್ಲಿನ ಲೆಕ್ಕ. 2025ರ ಏಪ್ರಿಲ್–ಮೇ ತಿಂಗಳನ್ನು ಹಿಡಿಯೋಣ. ದರ ಬದಲಾಗುತ್ತಿರುತ್ತೆ, ಲೆಕ್ಕ ಹಾಕುವ ರೀತಿ ಬದಲಾಗಲ್ಲ. ಬೆಂಗಳೂರಲ್ಲಿ ಲೀಟರ್ ಡೀಸೆಲ್ 91 ರೂಪಾಯಿ ಇತ್ತು. ಕಚ್ಚಾ ಎಣ್ಣೆ ಪೀಪಾಯಿಗೆ 65 ಡಾಲರ್ ಆಸುಪಾಸು, ಡಾಲರಿಗೆ 85 ರೂಪಾಯಿ. ಒಂದು ಪೀಪಾಯಿ ಅಂದರೆ 159 ಲೀಟರ್. ಭಾಗಿಸಿದರೆ ಲೀಟರಿಗೆ 35 ರೂಪಾಯಿ ಹತ್ತಿರ ಬರುತ್ತೆ. ಕೇಂದ್ರದ ಸುಂಕ 17 ರೂಪಾಯಿ 80 ಪೈಸೆ. ರಾಜ್ಯದ ಮಾರಾಟ ತೆರಿಗೆ ಶೇ 21.17, ಅಂದರೆ ಹೆಚ್ಚುಕಮ್ಮಿ 16 ರೂಪಾಯಿ. ಉಳಿದದ್ದು ರಿಫೈನರಿ, ಸಾಗಣೆ, ಎಣ್ಣೆ ಕಂಪನಿಗಳ ಪಾಲು, ಬಂಕಿನವರ ಕಮಿಷನ್. ದಯವಿಟ್ಟು ಬಂಕಿನ ಹುಡುಗನ ಹತ್ತಿರ ಜಗಳ ಆಡಬೇಡಿ. ಈ ಬೆಲೆಯಲ್ಲಿ ಅವನ ಕೈವಾಡ ಏನೂ ಇಲ್ಲ.

ಒಂದು ವಿಷಯ ಗಮನಿಸಿ. ಕೇಂದ್ರದ ಸುಂಕ ಲೀಟರಿಗೆ ಇಷ್ಟು ರೂಪಾಯಿ ಅಂತ ಇರುತ್ತೆ. ರಾಜ್ಯದ್ದು ಶೇಕಡಾ ಲೆಕ್ಕ. ಕಚ್ಚಾ ಎಣ್ಣೆ ತುಟ್ಟಿಯಾಗಿ ಬಂಕಿನ ಬೆಲೆ ಏರಿದರೆ, ಯಾವ ಆದೇಶವೂ ಇಲ್ಲದೆ ರಾಜ್ಯದ ಪಾಲು ತಾನಾಗಿ ಏರುತ್ತೆ. ಅದು ಸಾಲದು ಅಂತ ನಮ್ಮ ರಾಜ್ಯದಲ್ಲಿ 2024ರ ಜೂನ್‌ನಲ್ಲಿ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಡೀಸೆಲ್ ತೆರಿಗೆಯ ಶೇಕಡಾ ಪ್ರಮಾಣವನ್ನೇ ಏರಿಸಿದರು. ಕೇಂದ್ರವನ್ನು ಬೈಯುವವರು ರಾಜ್ಯವನ್ನು ಬಿಡುತ್ತಾರೆ, ರಾಜ್ಯವನ್ನು ಬೈಯುವವರು ಕೇಂದ್ರವನ್ನು ಬಿಡುತ್ತಾರೆ. ನಿಮ್ಮ ಬಿಲ್ಲಿನಲ್ಲಿ ಇಬ್ಬರೂ ಇದ್ದಾರೆ.

ಇನ್ನೊಂದು ನಮ್ಮ ರೂಪಾಯಿ. 2008ರ ಜುಲೈನಲ್ಲಿ ಪೀಪಾಯಿ 147 ಡಾಲರ್ ಮುಟ್ಟಿದಾಗ ಡಾಲರಿಗೆ 43 ರೂಪಾಯಿ ಇತ್ತು. 100 ಡಾಲರಿನ ಪೀಪಾಯಿ ಅಂದರೆ ಆಗ 4,300 ರೂಪಾಯಿ. 85ರ ಲೆಕ್ಕದಲ್ಲಿ ಅದೇ ಪೀಪಾಯಿ 8,500. ಮಾರುವವರು ಒಂದು ಸೆಂಟ್ ಏರಿಸದಿದ್ದರೂ ನಮಗೆ ಡಬಲ್.

ತೆರಿಗೆಯೇ ಬೇಡ ಅಂತ ನಾನು ಹೇಳಲ್ಲ. ಎಣ್ಣೆ ತೀರಾ ಅಗ್ಗವಾದರೆ ಸುಡೋದು ಜಾಸ್ತಿಯಾಗುತ್ತೆ, ಹೊರಗಿಂದ ತರಿಸೋದೂ ಜಾಸ್ತಿಯಾಗುತ್ತೆ. ಆದರೆ ಈ ದುಡ್ಡಿನಲ್ಲಿ ಎಷ್ಟು ಬಸ್ಸಿಗೆ ಹೋಯ್ತು, ಎಷ್ಟು ರೈಲಿಗೆ ಹೋಯ್ತು ಅಂತ ಜನರಿಗೆ ಗೊತ್ತಾಗಬೇಕು. ಗಾಡಿ ಓಡಿಸಿ ಹೊಟ್ಟೆ ಹೊರೆಯುವವರಿಗೆ ಡೀಸೆಲ್ ಕಮ್ಮಿ ಸುಡುವ ಬೇರೆ ದಾರಿ ಕೊಡದೆ ಬರೀ ತೆರಿಗೆ ಏರಿಸೋದು ಅನ್ಯಾಯ.

ಪ್ರಶ್ನೆ: ಬೆಳಗ್ಗೆ ತಂಪು ಹೊತ್ತಲ್ಲಿ ಪೆಟ್ರೋಲ್ ಹಾಕಿಸಿದರೆ ಜಾಸ್ತಿ ಸಿಗುತ್ತೆ ಅಂತಾರೆ. ನಿಜವಾ?
– ಬ್ಯಾಂಕ್ ನೌಕರರು, ತುಮಕೂರು

ಪೆಟ್ರೋಲ್ ಬಿಸಿಗೆ ಹಿಗ್ಗೋದು ನಿಜ. ಒಂದು ಡಿಗ್ರಿ ಏರಿದರೆ ಲೀಟರಿಗೆ ಒಂದು ಮಿಲಿಲೀಟರ್‌ಗಿಂತ ಸ್ವಲ್ಪ ಜಾಸ್ತಿ. ಆದರೆ ಬಂಕಿನ ಟ್ಯಾಂಕ್ ಇರುವುದು ನೆಲದಡಿ. ಅಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಅಂಥ ವ್ಯತ್ಯಾಸ ಇರಲ್ಲ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ಅಳತೆ ಮೇಲೆ ಅನುಮಾನ ಇದ್ದರೆ ಬಂಕಿನಲ್ಲಿರುವ ಐದು ಲೀಟರ್ ಅಳತೆ ಪಾತ್ರೆಗೆ ಹಾಕಿ ತೋರಿಸಿ ಅಂತ ಕೇಳಿ. ತೋರಿಸಲೇಬೇಕು. ಟೈರಿಗೆ ಗಾಳಿ ಸರಿಯಾಗಿ ಇಟ್ಟುಕೊಳ್ಳಿ, ಅದರಲ್ಲಿ ನಿಜವಾದ ಉಳಿತಾಯ ಇದೆ.

ಪ್ರಶ್ನೆ: ನಮ್ಮ ದೇಶದಲ್ಲಿ ಕಬ್ಬಿಣ ಇದೆ, ಚಿನ್ನ ಇದೆ, ಕಲ್ಲಿದ್ದಲು ಇದೆ. ಎಣ್ಣೆ ಮಾತ್ರ ಯಾಕಿಲ್ಲ? ಇನ್ನೂ ಆಳಕ್ಕೆ ಕೊರೆದರೆ ಸಿಗಲ್ವಾ?
– ಬಿಎಸ್ಸಿ ವಿದ್ಯಾರ್ಥಿನಿ, ಧಾರವಾಡ

ಮಗಳೇ, ಉತ್ತರ ನಿನ್ನ ಕಾಲ ಕೆಳಗೇ ಇದೆ. ನಿನ್ನ ಊರಿನ ಹೆಸರಿಟ್ಟುಕೊಂಡ ಧಾರವಾಡ ಶಿಲೆಗಳು 250 ಕೋಟಿ ವರ್ಷಕ್ಕಿಂತ ಹಳೆಯವು. ಹಟ್ಟಿಯ ಚಿನ್ನ, ಕೋಲಾರದ ಚಿನ್ನ, ಸಂಡೂರಿನ ಅದಿರು ಎಲ್ಲ ಇಂಥ ಹಳೇ ಕಲ್ಲಿನ ಕೊಡುಗೆ. ಎಣ್ಣೆ ಆಗಬೇಕಾದರೆ ಸಮುದ್ರದ ಸಣ್ಣ ಜೀವಿಗಳು ಸತ್ತು, ಕೆಸರಿನಲ್ಲಿ ಹೂತು, ಪದರದ ಮೇಲೆ ಪದರ ಬಿದ್ದು, ಹದವಾಗಿ ಬೇಯಬೇಕು. ನಮ್ಮ ಕಲ್ಲುಗಳು ಅದಕ್ಕಿಂತ ತುಂಬಾ ಹಳೆಯವು, ತುಂಬಾ ಗಟ್ಟಿಯಾದವು. ಇಲ್ಲಿ ಎಷ್ಟು ಆಳ ಕೊರೆದರೂ ಎಣ್ಣೆ ಸಿಗಲ್ಲ.

ದೇಶದ ಬೇರೆ ಕಡೆ ಇದೆ. ಅಸ್ಸಾಮಿನ ಡಿಗ್ಬೋಯಿಯಲ್ಲಿ 1889ರಲ್ಲೇ ಎಣ್ಣೆ ಸಿಕ್ಕಿತು. 1901ರಿಂದ ಅಲ್ಲಿ ರಿಫೈನರಿ ಇದೆ. 1974ರಲ್ಲಿ ಮುಂಬೈ ಕಡಲಿನಲ್ಲಿ ಬಾಂಬೆ ಹೈ ಸಿಕ್ಕಾಗ ದೇಶಕ್ಕೇ ಹಬ್ಬ. ಅದರ ಹಿಂದಿನ ವರ್ಷವಷ್ಟೇ ಅರಬ್ ದೇಶಗಳು ಎಣ್ಣೆ ತಡೆದು, ಮೂರು ಡಾಲರ್ ಇದ್ದ ಪೀಪಾಯಿ ಹನ್ನೆರಡರ ಹತ್ತಿರಕ್ಕೆ ಏರಿತ್ತು. 2004ರಲ್ಲಿ ರಾಜಸ್ಥಾನದ ಬಾಡ್ಮೇರಿನಲ್ಲಿ ಮಂಗಳಾ ಅನ್ನುವ ದೊಡ್ಡ ನಿಕ್ಷೇಪ ಸಿಕ್ಕಿತು. ಆದರೆ ಎಣ್ಣೆ ಬಾವಿಯೂ ನಮ್ಮ ಕೊಳವೆಬಾವಿ ಹಾಗೇ. ಮೊದಲ ವರ್ಷಗಳಲ್ಲಿ ಧಾರಾಳ, ಆಮೇಲೆ ಕೆಳಗಿಂದ ನೀರು ಒತ್ತಿ ತೆಗೆಯಬೇಕು. 2023–24ರಲ್ಲಿ ದೇಶದೊಳಗೆ ತೆಗೆದದ್ದು ಸುಮಾರು 2.9 ಕೋಟಿ ಟನ್. ಬಳಸಿದ್ದು 23 ಕೋಟಿ ಟನ್‌ಗೂ ಜಾಸ್ತಿ. ನೂರು ಪೀಪಾಯಿ ಕಚ್ಚಾ ಎಣ್ಣೆ ಬೇಕಾದರೆ 85ಕ್ಕಿಂತ ಹೆಚ್ಚು ಹೊರಗಿಂದ ತರಬೇಕು.

ನೀನು ವಿಜ್ಞಾನದ ಹುಡುಗಿ, ನಿನಗೆ ನಮ್ಮ ಲ್ಯಾಬಿನ ರ‍್ಯಾಕ್ ತೋರಿಸಬೇಕಿತ್ತು. ಒಂದೊಂದು ಹಡಗಿನ ಸ್ಯಾಂಪಲ್ ಒಂದೊಂದು ಬಾಟಲಿಯಲ್ಲಿ. ಇರಾನಿನ ಭಾರದ ಎಣ್ಣೆ ಜೋನಿಬೆಲ್ಲದ ಹಾಗೆ. ಬಾಟಲಿ ಓರೆ ಮಾಡಿದರೆ ಗಾಜಿಗೆ ಅಂಟಿಕೊಂಡು ನಿಧಾನಕ್ಕೆ ಇಳಿಯುತ್ತಿತ್ತು. ಗಂಧಕ ಜಾಸ್ತಿ, ಮೂಗಿಗೆ ಹೊಡೆಯುವ ನಾತ. ನೈಜೀರಿಯಾದ್ದು ತೆಳ್ಳಗೆ, ಕಾಫಿ ಡಿಕಾಕ್ಷನ್ ಹಾಗೆ. ಬಾಡ್ಮೇರಿನ ಎಣ್ಣೆಯಲ್ಲಿ ಮೇಣ ಜಾಸ್ತಿ. ಚಳಿಗಾಲದ ತುಪ್ಪದ ಹಾಗೆ ಹೆಪ್ಪುಗಟ್ಟಿ, ಬಾಟಲಿ ತಲೆಕೆಳಗೆ ಮಾಡಿದರೂ ಬೀಳುತ್ತಿರಲಿಲ್ಲ. ಅದಕ್ಕೇ ಬಾಡ್ಮೇರಿನಿಂದ ಗುಜರಾತ್ ಕರಾವಳಿಗೆ ಹಾಕಿರುವ ಪೈಪ್‌ಲೈನನ್ನು ಉದ್ದಕ್ಕೂ ಬಿಸಿಯಾಗಿ ಇಡುತ್ತಾರೆ. ಎಲ್ಲ ಎಣ್ಣೆಯೂ ಒಂದೇ ಅಲ್ಲ. ಒಂದು ರಿಫೈನರಿಯನ್ನು ಯಾವ ಎಣ್ಣೆಗೆ ಹೊಂದಿಸಿ ಕಟ್ಟಿದ್ದಾರೋ ಆ ಎಣ್ಣೆ ಬರದಿದ್ದರೆ ಕಷ್ಟ ಶುರು. ನಮ್ಮದು ಮೊದಲಿಂದಲೂ ಇರಾನಿನ ಎಣ್ಣೆ ಹೆಚ್ಚು ಕುಡಿದು ಬೆಳೆದದ್ದು. 2019ರ ಮೇ ನಂತರ, ಅಮೆರಿಕದ ನಿರ್ಬಂಧದಿಂದಾಗಿ, ಇರಾನಿನ ಹಡಗು ಬರೋದೇ ನಿಂತಿತು. ನಮಗೂ ಇರಾನಿನವರಿಗೂ ಜಗಳ ಇರಲಿಲ್ಲ. ಬೇರೆಯವರ ಜಗಳಕ್ಕೆ ನಮ್ಮ ಪಾಕ ಬದಲಾಯಿಸಬೇಕಾಯಿತು.

ಪ್ರಶ್ನೆ: ಸೀಮೆಎಣ್ಣೆಗೆ ಸೀಮೆಎಣ್ಣೆ ಅಂತ ಯಾಕೆ ಹೆಸರು?
– ಎಂಟನೇ ತರಗತಿ ವಿದ್ಯಾರ್ಥಿ, ಸಾಗರ

ಈ ತಿಂಗಳು ಬಂದ ಪತ್ರಗಳಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಪರದೇಶದಿಂದ ಬಂದದ್ದಕ್ಕೆ ನಮ್ಮ ಹಿರಿಯರು ‘ಸೀಮೆ’ ಸೇರಿಸಿ ಹೆಸರಿಡುತ್ತಿದ್ದರು. ಸೀಮೆಹಸು, ಸೀಮೆಸುಣ್ಣ, ಸೀಮೆಬದನೆಕಾಯಿ. ಹಾಗೇ ಸೀಮೆಎಣ್ಣೆ. ಸುಮಾರು ನೂರೈವತ್ತು ವರ್ಷದ ಹಿಂದೆ ಅಮೆರಿಕದಿಂದ, ರಷ್ಯಾದ ಕಡೆಯಿಂದ ತಗಡಿನ ಡಬ್ಬಗಳಲ್ಲಿ ಹಡಗು ಹತ್ತಿ ಬರುತ್ತಿತ್ತು. ಅದಕ್ಕಿಂತ ಮೊದಲು ದೀಪಕ್ಕೆ ಹೊಂಗೆ ಎಣ್ಣೆ, ಹರಳೆಣ್ಣೆ. ಎರಡೂ ನಮ್ಮ ಹೊಲದ ಬದುವಿನವು.

ನಮ್ಮ ಮನೆಯಲ್ಲಿ ಅದಕ್ಕೆ ಚಿಮಿಣಿ ಎಣ್ಣೆ ಅನ್ನುತ್ತಿದ್ದರು. 1973–74ರಲ್ಲಿ ನನಗೆ ಹನ್ನೊಂದು ವರ್ಷ. ರೇಷನ್ ಅಂಗಡಿ ಮುಂದೆ ಅಮ್ಮನ ಬದಲು ನಾನು ಡಬ್ಬ ಹಿಡಿದು ನಿಲ್ಲುತ್ತಿದ್ದೆ. ಒಂದು ದಿನ ನನ್ನ ಮುಂದಿನವರಿಗೇ ಮುಗಿದು ಹೋಯಿತು. ಅಮ್ಮ ಬೈಯಲಿಲ್ಲ. ಆ ರಾತ್ರಿ ತೆಂಗಿನೆಣ್ಣೆಯ ದೀಪ ಹಚ್ಚಿ ಊಟಕ್ಕೆ ಬಡಿಸಿದರು. ಅರಬ್ಬಿ ಸಮುದ್ರದ ಆಚೆ ಒಂದು ಯುದ್ಧ ಆಗಿದೆ, ಅದಕ್ಕೇ ಎಣ್ಣೆ ಇಲ್ಲ ಅಂತ ಅಪ್ಪ ಹೇಳಿದಾಗ ನನಗೆ ಅರ್ಥವೇ ಆಗಿರಲಿಲ್ಲ. ಎಲ್ಲಿಯ ಯುದ್ಧ, ಎಲ್ಲಿಯ ನಮ್ಮ ಚಿಮಿಣಿ!

ನಿನ್ನ ಅಜ್ಜಿಯನ್ನು ಕೇಳು, ನಿಮ್ಮೂರಲ್ಲಿ ಏನು ಹಚ್ಚುತ್ತಿದ್ದರು ಅಂತ. ಬರೆದು ಕಳಿಸು.

ಪ್ರಶ್ನೆ: ನನ್ನ ಮನೆ ಪಾದೂರಿನ ಪಕ್ಕ. ನಮ್ಮ ನೆಲದಡಿ ದೇಶದ ಎಣ್ಣೆ ತುಂಬಿಟ್ಟಿದ್ದಾರೆ. ಅದು ಸೋರಿದರೆ ನಮ್ಮ ಬಾವಿಗಳ ಗತಿ ಏನು? ಇಷ್ಟು ಇಟ್ಟರೆ ದೇಶಕ್ಕೆ ಎಷ್ಟು ದಿನಕ್ಕೆ ಸಾಕು?
– ನಿವೃತ್ತ ಶಿಕ್ಷಕರು, ಕಾಪು ತಾಲ್ಲೂಕು

ಮಾಸ್ಟ್ರೇ, ಆಪತ್ಕಾಲಕ್ಕೆ ಅಂತ ದೇಶದ ಕಚ್ಚಾ ಎಣ್ಣೆ ಕೂಡಿಡಲು ಬಂಡೆಯಲ್ಲಿ ಕೊರೆದ ಮಂಗಳೂರಿನ ಗುಹೆಯನ್ನು ಎಣ್ಣೆ ತುಂಬುವ ಮೊದಲು ನೋಡಿ ಬಂದವರಲ್ಲಿ ನಾನೂ ಒಬ್ಬ. ಪಾದೂರಿನದ್ದೂ ಅದೇ ಬಗೆ. ಇಳಿಜಾರಿನ ಸುರಂಗದಲ್ಲಿ ಜೀಪು ಕೆಳಗೆ ಕೆಳಗೆ ಹೋಗುತ್ತಲೇ ಇರುತ್ತೆ. ಇಳಿದು ನಿಂತು ಮೇಲೆ ನೋಡಿದರೆ ಟಾರ್ಚಿನ ಬೆಳಕು ಚಾವಣಿಗೆ ಸರಿಯಾಗಿ ಮುಟ್ಟಲ್ಲ. 30 ಮೀಟರ್ ಎತ್ತರ, 20 ಮೀಟರ್ ಅಗಲ. ಸಿಮೆಂಟ್ ತೊಟ್ಟಿ ಅಲ್ಲ, ಕಬ್ಬಿಣದ ಟ್ಯಾಂಕ್ ಅಲ್ಲ. ಬರೀ ಬಂಡೆ. ಬಂಡೆಯಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ನೀರು ನೋಡಿ ನಾನೂ ನಿಮ್ಮ ಹಾಗೇ ಗಾಬರಿಯಾಗಿದ್ದೆ. ನೀರು ಬರುವ ಬಿರುಕಿನಲ್ಲಿ ಎಣ್ಣೆ ಹೋಗಲ್ವಾ?

ಅಲ್ಲಿನ ಎಂಜಿನಿಯರ್ ವಿವರಿಸಿದರು. ಗುಹೆಯನ್ನು ಅಂತರ್ಜಲದ ಮಟ್ಟಕ್ಕಿಂತ ತುಂಬಾ ಕೆಳಗೆ ಕೊರೆದಿರುತ್ತಾರೆ. ಸುತ್ತಲಿನ ನೀರಿನ ಒತ್ತಡ ಒಳಗಿನ ಎಣ್ಣೆಯ ಒತ್ತಡಕ್ಕಿಂತ ಜಾಸ್ತಿ. ಹಾಗಾಗಿ ನೀರು ಒಳಗೆ ಬರುತ್ತೆ, ಎಣ್ಣೆ ಹೊರಗೆ ಹೋಗಲ್ಲ. ಎಣ್ಣೆಯ ತಳದಲ್ಲಿ ಸೇರಿದ ನೀರನ್ನು ಪಂಪ್ ಹಾಕಿ ತೆಗೆಯುತ್ತಾರೆ. ಅಂತರ್ಜಲ ಇಳಿಯದಂತೆ ಗುಹೆಯ ಮೇಲ್ಭಾಗದಲ್ಲಿ ಬೇರೆ ಸುರಂಗ ಮಾಡಿ, ಅಲ್ಲಿಂದ ಬಂಡೆಗೆ ನೀರು ಕೊಡುತ್ತಾರೆ. ನೀರಿನ ಪರದೆ ಇದ್ದ ಹಾಗೆ. ಅಂದರೆ ಆ ಗುಹೆಗೂ ನಿಮ್ಮ ಬಾವಿಗೂ ಕಾವಲು ಒಂದೇ, ಅಂತರ್ಜಲ. ಅದಕ್ಕೇ ನನ್ನ ಅಭಿಪ್ರಾಯ ಸ್ಪಷ್ಟ: ಅಲ್ಲಿನ ನೀರಿನ ಮಟ್ಟದ ಲೆಕ್ಕ ಪ್ರತಿ ತಿಂಗಳು ನಿಮ್ಮ ಪಂಚಾಯಿತಿ ಬೋರ್ಡಿಗೆ ಬರಬೇಕು. ಎರಡನೇ ಹಂತಕ್ಕೂ ಪಾದೂರನ್ನೇ ಆರಿಸಿದ್ದಾರೆ. ದೇಶದ ಆಪತ್ಕಾಲದ ಗಂಟನ್ನು ತಲೆ ಕೆಳಗಿಟ್ಟುಕೊಂಡು ಮಲಗುವ ಊರಿಗೆ ಇಷ್ಟಾದರೂ ಗೊತ್ತಿರಬೇಕು ಅಲ್ವಾ?

ಎಷ್ಟು ದಿನಕ್ಕೆ ಸಾಕು ಅಂದಿರಿ. ವಿಶಾಖಪಟ್ಟಣ 13.3 ಲಕ್ಷ ಟನ್, ಮಂಗಳೂರು 15 ಲಕ್ಷ ಟನ್, ಪಾದೂರು 25 ಲಕ್ಷ ಟನ್. ಮೂರೂ ಪೂರ್ತಿ ತುಂಬಿದರೆ ಒಂಬತ್ತೂವರೆ ದಿನ ಅಂತ ಸರ್ಕಾರವೇ ಹೇಳಿದೆ. ಕಂಪನಿಗಳ ಟ್ಯಾಂಕಿನಲ್ಲಿ ಇರುವುದನ್ನೂ ಸೇರಿಸಿದರೆ 74 ದಿನ. 2020ರ ಏಪ್ರಿಲ್–ಮೇಯಲ್ಲಿ ಪೀಪಾಯಿಗೆ ಸರಾಸರಿ 19 ಡಾಲರ್ ಕೊಟ್ಟು ಈ ಗುಹೆಗಳನ್ನು ತುಂಬಿಸಿಕೊಂಡರು. 5,000 ಕೋಟಿ ರೂಪಾಯಿ ಉಳಿಯಿತು. ಬುದ್ಧಿವಂತ ಕೆಲಸ. ಇನ್ನೂ ಜಾಗ ಇದ್ದಿದ್ದರೆ ಇನ್ನೂ ಉಳಿಯುತ್ತಿತ್ತು.

ಒಂಬತ್ತು ದಿನ ಅಂದರೆ ಎಷ್ಟು ಕಮ್ಮಿ ಅನ್ನೋದು ನನಗೆ ಒಂದು ಮಳೆಗಾಲದಲ್ಲಿ ಗೊತ್ತಾಯಿತು. ಮಂಗಳೂರಿನಲ್ಲಿ ದೊಡ್ಡ ಹಡಗು ಬಂದರಿನೊಳಗೆ ಬರಲ್ಲ. ದಡದಿಂದ ಹದಿನೈದು ಕಿಲೋಮೀಟರಿಗೂ ಆಚೆ ಒಂದು ತೇಲುಬುರುಡೆ ಇದೆ. ಹಡಗು ಅದಕ್ಕೆ ಕಟ್ಟಿಕೊಂಡು, ಸಮುದ್ರದಡಿಯ ಪೈಪಿನಲ್ಲಿ ಎಣ್ಣೆ ಕಳಿಸುತ್ತೆ. ಆ ಜುಲೈನಲ್ಲಿ ಸಮುದ್ರ ಕೆರಳಿತ್ತು. ಹಡಗು ದೂರದಲ್ಲಿ ನಿಂತೇ ಇತ್ತು, ಹತ್ತಿರ ಬರೋಕೆ ಆಗಲಿಲ್ಲ. ಒಂದು ದಿನ, ಎರಡು ದಿನ, ಮೂರು ದಿನ. ಗಂಟೆಗೊಮ್ಮೆ ಟ್ಯಾಂಕಿನ ಮಟ್ಟ ನೋಡಿ ರಿಜಿಸ್ಟರಿನಲ್ಲಿ ಬರೆಯೋದು ನನ್ನ ಕೆಲಸ. ಪ್ರತಿ ಸಲವೂ ಹಿಂದಿನದಕ್ಕಿಂತ ಕಮ್ಮಿ. ಮೂರನೇ ರಾತ್ರಿ ಒಳಗೆ ಕಳಿಸುವ ಪ್ರಮಾಣ ತಗ್ಗಿಸಿದೆವು. ಬೆಳಗಿನ ಜಾವ ಗಾಳಿ ಸ್ವಲ್ಪ ಇಳಿದು ಹಡಗಿನ ದೀಪ ಹತ್ತಿರವಾದಾಗ ಪಾಳಿಯಲ್ಲಿದ್ದ ನಾಲ್ಕೂ ಜನ ಮಾತಿಲ್ಲದೆ ನಿಂತು ನೋಡಿದೆವು. ಅದು ಬರೀ ಗಾಳಿ ಮಳೆ. ಯುದ್ಧ ಆದರೆ?

ಕೊಲ್ಲಿ ದೇಶಗಳ ಎಣ್ಣೆ ಹಡಗುಗಳು ಹೊರಗೆ ಬರುವ ಹೋರ್ಮುಜ್ ಜಲಸಂಧಿಯ ತೀರಾ ಇಕ್ಕಟ್ಟಾದ ಜಾಗ 33 ಕಿಲೋಮೀಟರ್. ಮಂಗಳೂರಿನಿಂದ ಮೂಲ್ಕಿ ದಾಟುವಷ್ಟು. 2024ರಲ್ಲಿ ಜಗತ್ತು ಬಳಸಿದ ಎಣ್ಣೆಯಲ್ಲಿ ಐದನೇ ಒಂದು ಭಾಗ, ದಿನಕ್ಕೆ ಸುಮಾರು ಎರಡು ಕೋಟಿ ಪೀಪಾಯಿ, ಆ ಸಂದಿಯಲ್ಲೇ ಹಾದುಹೋಯಿತು. 2022ರ ನಂತರ ನಾವು ರಷ್ಯಾದಿಂದ ಜಾಸ್ತಿ ತರಿಸಿದೆವು. ಶೇ 2 ಇದ್ದದ್ದು ಶೇ 35 ದಾಟಿತು. ಕೊಲ್ಲಿಯಿಂದ ಮಂಗಳೂರಿಗೆ ನಾಲ್ಕೈದು ದಿನದಲ್ಲಿ ಹಡಗು ಬರುತ್ತೆ. ರಷ್ಯಾದ ಬಾಲ್ಟಿಕ್ ಬಂದರಿನಿಂದಾದರೆ ತಿಂಗಳ ಹತ್ತಿರ ಬೇಕು. ಅಂಗಡಿ ಬದಲಾಯಿತು, ಸಾಲದ ಖಾತೆ ಹಾಗೇ ಇದೆ.

ಪ್ರಶ್ನೆ: ನಾನಿರುವುದು ಫುಜೈರಾದಲ್ಲಿ. ಇಲ್ಲಿ ನೆಲದಡಿ ಎಣ್ಣೆ ಇರುವ ದೇಶ, ಆದರೂ ಪ್ರತಿ ತಿಂಗಳು ಪೆಟ್ರೋಲ್ ರೇಟು ಬದಲಾಗುತ್ತೆ. ಯಾಕೆ?
– ಕುಂದಾಪುರ ಮೂಲದ ಓದುಗರು, ಯುಎಇ

2015ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಸಬ್ಸಿಡಿ ತೆಗೆದು, ಜಗತ್ತಿನ ಬೆಲೆಗೆ ತಕ್ಕಂತೆ ತಿಂಗಳಿಗೊಮ್ಮೆ ದರ ನಿಗದಿ ಮಾಡಲು ಶುರು ಮಾಡಿತು. ಎಣ್ಣೆ ಇರುವವರೂ ಮನೆಯಲ್ಲಿ ಸುಟ್ಟರೆ ಮಾರೋಕೆ ಕಮ್ಮಿಯಾಗುತ್ತೆ ಅಂತ ಲೆಕ್ಕ ಹಾಕುತ್ತಾರೆ. ನೀವಿರುವ ಊರಿನ ವಿಶೇಷ ಗೊತ್ತಲ್ಲ? ಫುಜೈರಾ ಇರುವುದು ಹೋರ್ಮುಜ್‌ನ ಹೊರಗೆ. ಅಬುಧಾಬಿಯವರು ಮರಳುಗಾಡಿನಲ್ಲಿ ಪೈಪ್‌ಲೈನ್ ಹಾಕಿ, 2012ರಿಂದ ಒಂದಷ್ಟು ಎಣ್ಣೆಯನ್ನು ಸೀದಾ ಅಲ್ಲಿಗೆ ತಂದು ಹಡಗಿಗೆ ತುಂಬಿಸುತ್ತಾರೆ. ಮಾರುವವರಿಗೇ ಆ ಸಂದಿಯ ಭಯ ಇದೆ ಅಂದಮೇಲೆ ಕೊಳ್ಳುವ ನಮಗೆ ಇನ್ನೆಷ್ಟಿರಬೇಕು.

ಪ್ರಶ್ನೆ: ನಾನು ಕಬ್ಬು ಬೆಳೆಗಾರ. ಎಥನಾಲ್ ಬಂದಮೇಲೆ ಫ್ಯಾಕ್ಟರಿ ಬಾಕಿ ಸ್ವಲ್ಪ ಬೇಗ ಸಿಗ್ತಿದೆ, ಸುಳ್ಳು ಹೇಳಲ್ಲ. ಆದರೆ ನನ್ನ ಹಳೇ ಸ್ಕೂಟರ್ ಮೈಲೇಜು ಕಮ್ಮಿ ಆಗಿದೆ. ಇದು ಒಳ್ಳೆಯದೋ ಕೆಟ್ಟದ್ದೋ?
– ಮದ್ದೂರು

ಎರಡೂ ಅನುಭವ ನಿಮ್ಮ ಒಬ್ಬರಿಗೇ ಆಗಿದೆ, ಎರಡೂ ನಿಜ. ಎಥನಾಲ್ ಅಂದರೆ ಕಬ್ಬಿನಂಥ ಬೆಳೆಯಿಂದ ತೆಗೆದು ಪೆಟ್ರೋಲಿಗೆ ಬೆರೆಸುವ ಮದ್ಯಸಾರ. ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಾಖ ಕಮ್ಮಿ. ಈಗ ಬಂಕಿನಲ್ಲಿ ಬರುವುದರಲ್ಲಿ ಐದನೇ ಒಂದು ಭಾಗ ಎಥನಾಲ್. ಬರೀ ಪೆಟ್ರೋಲಿನಲ್ಲಿ 45 ಕಿಲೋಮೀಟರ್ ಕೊಡುತ್ತಿದ್ದ ಗಾಡಿ 42ಕ್ಕೆ ಇಳಿದರೆ ಆಶ್ಚರ್ಯ ಇಲ್ಲ. ಹೊಸ ಎಂಜಿನ್ನುಗಳು ಸ್ವಲ್ಪ ಸರಿದೂಗಿಸಿಕೊಳ್ಳುತ್ತವೆ. ಹಳೇ ಗಾಡಿಯ ರಬ್ಬರ್ ಪೈಪು, ವಾಷರ್ ಒಮ್ಮೆ ಮೆಕ್ಯಾನಿಕ್ಕಿಗೆ ತೋರಿಸಿ. ಎಥನಾಲ್ ನೀರು ಹೀರುತ್ತೆ. ಮಳೆಗಾಲದಲ್ಲಿ ವಾರಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ.

ಹೊರಗಿನ ಎಣ್ಣೆ ಒಂದಿಷ್ಟು ಉಳಿಯೋದು ಹೌದು, ದುಡ್ಡು ನಿಮ್ಮ ಕಡೆಯ ರೈತರಿಗೆ ಬರೋದೂ ಹೌದು. ಆದರೆ ಕಬ್ಬು ಕುಡಿಯುವ ನೀರು ನಿಮಗೆ ನಾನು ಹೇಳಬೇಕಾಗಿಲ್ಲ. ಕಾವೇರಿ ನಾಲೆಗೆ ನೀರು ಬಿಡದ ವರ್ಷ ನೀವೇ ನೋಡಿದ್ದೀರಿ. ಮುಂಗಾರನ್ನು ನಂಬಿ ಗಾಡಿ ಓಡಿಸೋದಕ್ಕೂ ಒಂದು ಮಿತಿ ಇದೆ. ನನಗೆ ಹೊಂಗೆಯ ಮೇಲೆ ಇನ್ನೂ ಆಸೆ ಇದೆ. ಬದುವಿನಲ್ಲಿ ನೀರಿಲ್ಲದೆ ಬೆಳೆಯುವ ಮರ. ಬೆಂಗಳೂರಿನ ಐಐಎಸ್ಸಿಯಲ್ಲಿದ್ದ ವಿಜ್ಞಾನಿ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದ್ದರು. ದೇಶಕ್ಕೆಲ್ಲ ಸಾಲಲ್ಲ. ಒಂದು ಊರಿನ ಪಂಪ್‌ಸೆಟ್ಟಿಗೆ, ಟಿಲ್ಲರಿಗೆ ಯಾಕಾಗಬಾರದು?

ಪ್ರಶ್ನೆ: ಪೆಟ್ರೋಲ್ ತುಟ್ಟಿಯಾದರೆ ನಡೆದು ಹೋಗಬಹುದು. ಗ್ಯಾಸ್ ತುಟ್ಟಿಯಾದರೆ ಅಡುಗೆ ಬಿಡೋಕಾಗುತ್ತಾ?
– ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಅಕ್ಕಾ, ಖಂಡಿತ ಆಗಲ್ಲ. ನಾವು ಸುಡುವ ಸಿಲಿಂಡರಿನ ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದ್ದೇ, ಬಹುಪಾಲು ಕೊಲ್ಲಿ ದೇಶಗಳದ್ದು. ಹಾಗಂತ ಸೌದೆ ಒಲೆಗೆ ವಾಪಸ್ ಹೋಗಿ ಅಂತ ಯಾರೂ ನಿಮಗೆ ಹೇಳಬಾರದು. ಹೊಗೆಯಲ್ಲಿ ಕೆಮ್ಮಿದ ನನ್ನ ಅಮ್ಮನನ್ನು ನಾನು ಮರೆತಿಲ್ಲ. ಹಟ್ಟಿಯಲ್ಲಿ ಮೂರು ನಾಲ್ಕು ದನ ಇದ್ದರೆ ಗೋಬರ್ ಗ್ಯಾಸ್ ಮಾಡಿಸಿ. ದಿನಕ್ಕೆ 50 ಕಿಲೋ ಸಗಣಿ ಸಿಕ್ಕರೆ ಎರಡು ಘನ ಮೀಟರಿನ ಘಟಕ ನಡೆಯುತ್ತೆ, ನಾಲ್ಕೈದು ಜನರ ಅಡುಗೆ ಆಗುತ್ತೆ. ನನ್ನ ತಂಗಿಯ ಮನೆಯಲ್ಲಿ ಇದೆ. ಸ್ನಾನದ ನೀರಿಗೆ ಸೋಲಾರ್, ಅಡುಗೆಗೆ ಗೋಬರ್ ಗ್ಯಾಸ್. ಸಿಲಿಂಡರ್ ಬರೀ ನೆಂಟರು ಬಂದಾಗ. ಉಳಿದ ಬಗ್ಗಡ ಅಡಿಕೆ ತೋಟಕ್ಕೆ.

ಪ್ರಶ್ನೆ: ನಮ್ಮ ಅಪ್ಪನಿಗೆ ಒಂದು ಲಾರಿ ಇದೆ. ಮಂಗಳೂರಿನಿಂದ ಮುಂಬೈಗೆ ಲೋಡ್ ಹೊಡೀತಾರೆ. ಲೀಟರಿಗೆ ನಾಲ್ಕು ಕಿಲೋಮೀಟರ್ ಸಿಗುತ್ತೆ. ಬಾಡಿಗೆ ಏರಿಲ್ಲ, ಡೀಸೆಲ್ ಏರಿದೆ. ಲಾರಿ ಮಾರಿ ಎಲೆಕ್ಟ್ರಿಕ್ ಗಾಡಿ ತಗೊಳ್ಳಿ ಅಂತ ನಾನು ಹೇಳ್ತಿದ್ದೇನೆ. ಅಪ್ಪ ಕೇಳ್ತಿಲ್ಲ. ನೀವಾದರೂ ಹೇಳಿ.
– ಬಿಕಾಂ ವಿದ್ಯಾರ್ಥಿನಿ, ಮೂಲ್ಕಿ

ಈ ಸಲ ನಾನು ಅಪ್ಪನ ಕಡೆ, ಮಗಳೇ. ಊರೊಳಗೆ ದಿನಕ್ಕೆ ಎಂಬತ್ತು ನೂರು ಕಿಲೋಮೀಟರ್ ಓಡುವ ಗೂಡ್ಸ್ ಆಟೋ, ಡೆಲಿವರಿ ಗಾಡಿಗೆ ಬ್ಯಾಟರಿ ಒಳ್ಳೆಯದು. ರಾತ್ರಿ ಚಾರ್ಜಿಗೆ ಹಾಕಿದರಾಯಿತು. ಆ ಬ್ಯಾಟರಿಯ ಸೆಲ್ಲುಗಳೂ ಬಹುಪಾಲು ಚೀನಾದಿಂದ ಬರುತ್ತವೆ, ನಿಜ. ಆದರೆ ಅದನ್ನು ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತೆ, ಡೀಸೆಲ್ ದಿನಾ ಕೊಳ್ಳಬೇಕು. ಭಾರದ ಲೋಡು ಹೊತ್ತು ಮುಂಬೈ ತನಕ ಹೋಗುವ ಲಾರಿಯ ಕಥೆ ಬೇರೆ. ಒಂದೇ ಲಾರಿ ನಂಬಿದ ಮನೆ ಅಂಥ ದೊಡ್ಡ ಸಾಲ ಈಗ ತಲೆ ಮೇಲೆ ಹಾಕಿಕೊಳ್ಳಬಾರದು.

ಅಪ್ಪನಿಗೆ ಇನ್ನೊಂದು ದಾರಿ ಇದೆ, ಅದು ನಿಮ್ಮ ಮನೆಯ ಹತ್ತಿರವೇ ಇದೆ. ಕೊಂಕಣ ರೈಲ್ವೆಯವರ ರೋ-ರೋ. ಸುರತ್ಕಲ್‌ನಲ್ಲಿ ಲೋಡಾದ ಲಾರಿಯನ್ನೇ ರೈಲಿಗೆ ಹತ್ತಿಸಿದರೆ ಮಹಾರಾಷ್ಟ್ರದ ಕೋಲಾಡಿನಲ್ಲಿ ಇಳಿಸುತ್ತಾರೆ. ಅಲ್ಲಿಂದ ಮುಂಬೈ ಹತ್ತಿರ. ಹೆಚ್ಚುಕಮ್ಮಿ 700 ಕಿಲೋಮೀಟರ್ ದಾರಿ ರೈಲಿನ ಮೇಲೆ. ನಾಲ್ಕರಲ್ಲಿ ಭಾಗಿಸು, 175 ಲೀಟರ್ ಡೀಸೆಲ್. ಅದರ ದುಡ್ಡಿನಲ್ಲಿ ರೈಲಿನ ಬಾಡಿಗೆ ಕಳೆದು ಎಷ್ಟು ಉಳಿಯುತ್ತೆ ನೀನೇ ನೋಡು, ಬಿಕಾಂ ಓದುತ್ತಿದ್ದೀಯಲ್ಲ. ಟೈರು, ಟೋಲು, ನಿದ್ದೆ ಕೂಡ ಲೆಕ್ಕಕ್ಕೆ ಸೇರಿಸು. 2022ರಿಂದ ಆ ಹಳಿ ಪೂರ್ತಿ ವಿದ್ಯುತ್ತಿನದ್ದು. ಸುರಂಗ ಮತ್ತು ತಂತಿ ಇರುವುದರಿಂದ ಲೋಡಿನ ಎತ್ತರಕ್ಕೆ ಮಿತಿ ಇದೆ. ಮಾಲು ತುಂಬಿಸುವ ಮೊದಲೇ ಸುರತ್ಕಲ್ ಸ್ಟೇಷನ್ನಿನಲ್ಲಿ ಕೇಳಿಕೊಳ್ಳಲಿ.

ಪಾಳಿ ಮುಗಿಸಿ ಮನೆಗೆ ಹೋಗುವಾಗ ನಾನು ಎಷ್ಟೋ ಸಲ ಅಲ್ಲಿ ಗಾಡಿ ನಿಲ್ಲಿಸಿ ನೋಡಿದ್ದೇನೆ. ಒಂದರ ಹಿಂದೆ ಒಂದು ಲಾರಿ ರೈಲಿನ ಮೇಲೆ ಮೆಲ್ಲಗೆ ಮುಂದೆ ಹೋಗಿ ನಿಲ್ಲುತ್ತೆ. ಚಕ್ರಕ್ಕೆ ಕಟ್ಟೆ ಕೊಡುತ್ತಾರೆ. ಚಾಲಕರು ಇಳಿಯಲ್ಲ, ಕ್ಯಾಬಿನ್ನಿನಲ್ಲೇ ಇರುತ್ತಾರೆ. ಒಂದು ಸಂಜೆ ಒಬ್ಬರು ಸ್ಟೇರಿಂಗಿನ ಮೇಲೆ ಪೇಪರ್ ಹಾಸಿ ಬುತ್ತಿ ಬಿಚ್ಚಿದ್ದರು. ಹಿಂದಿನ ಲಾರಿಯವರು ಅಂಗಿ ಕಳಚಿ ನೇತುಹಾಕಿ ಆಗಲೇ ಮಲಗಿದ್ದರು. ಎಲ್ಲ ಎಂಜಿನ್ನುಗಳೂ ಆಫ್ ಆಗಿದ್ದವು. ರೈಲು ಹೊರಟಿತು.